ಅಜ್ಜಿ ಕಟ್ಟಿಟ್ಟ ಬಾಬಯ್ಯನ ಮುಡಿಪು ಸಿಕ್ಕಿದೆ, ಆಂಧ್ರದ ಪೆನುಕೊಂಡಕ್ಕೆ ಹೋಗಿಬಂದವರು ಯಾರಾದರೂ ಇದ್ದೀರಾ?

ಕೊಡಿಗೇನಹಳ್ಳಿ ಮೊಮ್ಮಗ:
ಎಲ್ಲರಿಗೂ ನಮಸ್ಕಾರ. ನಮ್ಮದು ಮಧುಗಿರಿ ತಾಲ್ಲೂಕು, ಕೊಡಿಗೇನಹಳ್ಳಿ ಕಡೆ ಒಂದು ಹಳ್ಳಿ. ಅಜ್ಜಿ ತೀರಿಕೊಂಡು ಮೂರು ತಿಂಗಳಾಯ್ತು. ಹೋದ ಭಾನುವಾರ ಹಳೇ ಮನೆ ಖಾಲಿ ಮಾಡುತ್ತಿದ್ದೆವು. ಒಳಮನೆಯಲ್ಲಿ ರಾಗಿ ವಾಡೆ ಸರಿಸಿದರೆ ಹಿಂದೆ ಗೋಡೆಯಲ್ಲಿ ಒಂದು ಗೂಡು. ಅದರೊಳಗೆ ಒಂದು ಗಂಟು.

ಹಸಿರು ಬಟ್ಟೆ. ಒಲೆಯ ಹೊಗೆ ಹಿಡಿದು ಕಪ್ಪಾಗಿತ್ತು, ಮಡಿಕೆಯ ಒಳಗೆ ಮಾತ್ರ ಹಸಿರು ಉಳಿದಿತ್ತು. ಬಿಚ್ಚಿದೆ. ಇಪ್ಪತ್ತು ಪೈಸೆಯ ಹಿತ್ತಾಳೆ ಬಣ್ಣದ ನಾಣ್ಯ ಹನ್ನೊಂದು, ಎಲ್ಲದರ ಮೇಲೂ ಕಮಲದ ಹೂವು. ಒಂದು ನವಿಲುಗರಿ, ಕಣ್ಣೆಲ್ಲ ಹುಳ ತಿಂದು ಬರೀ ಕಡ್ಡಿ ಉಳಿದಿತ್ತು. ಒಂದು ಕಾಗದದ ಪೊಟ್ಟಣ, ಅದರಲ್ಲಿ ಸಕ್ಕರೆ ಕಲ್ಲಾಗಿತ್ತು.

ಅಮ್ಮ ನೋಡಿದ ತಕ್ಷಣ ಸೆರಗು ತಲೆ ಮೇಲೆ ಎಳೆದುಕೊಂಡು, "ಇದು ಪೆನುಕೊಂಡ ಬಾಬಯ್ಯನ ಮುಡಿಪು ಕಣೋ, ಅತ್ತೆ ತೀರಿಸದೇ ಹೋಗಿಬಿಟ್ಟರು" ಅಂದರು. ದೊಡ್ಡಪ್ಪ, "ನಾವು ನರಸಿಂಹಸ್ವಾಮಿ ಒಕ್ಕಲು. ಸಾಬರ ದೇವರದ್ದು ನಮಗ್ಯಾಕೆ? ತಗೊಂಡು ಹೋಗಿ ಬಾವಿಗೆ ಹಾಕು" ಅಂದುಬಿಟ್ಟರು.

ವಿಷಯ ಅಷ್ಟೇ ಆಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ನಮ್ಮ ಅಜ್ಜನ ಹೆಸರೇ ಬಾಬಯ್ಯ. ಪಹಣಿಯಲ್ಲಿ ಇವತ್ತಿಗೂ ಹಾಗೇ ಇದೆ. ಆದರೆ ದೊಡ್ಡಪ್ಪನ ಮಗಳ ಲಗ್ನಪತ್ರಿಕೆ ಮೊನ್ನೆ ಅಚ್ಚಾಗಿ ಬಂತು, ಅದರಲ್ಲಿ "ದಿವಂಗತ ಬಾಲಯ್ಯನವರ ಮೊಮ್ಮಗಳು" ಅಂತ ಇದೆ. ಅಚ್ಚಿನ ತಪ್ಪು ಅಂದುಕೊಂಡೆ. ಅಲ್ಲ, ಬೇಕಂತಲೇ ಹಾಕಿಸಿದ್ದು.

ಅಜ್ಜನಿಗೆ ಆ ಹೆಸರು ಯಾಕೆ ಬಂತು? ಈ ಮುಡಿಪನ್ನು ನಾನು ಏನು ಮಾಡಲಿ?

ರಾಗಿಮುದ್ದೆ:
ಬಾವಿಗೆ ಮಾತ್ರ ಹಾಕಬೇಡಿ. ಯಾವ ದೇವರದ್ದೇ ಆಗಲಿ, ಮುಡಿಪು ಮುಡಿಪೇ.

ತಿಪಟೂರು ಕೊಬ್ಬರಿ:
ಬಾಬಯ್ಯ ಅಂದರೆ ನಮ್ಮ ಕಡೆ ಮೊಹರಂ. ಬಾಬಯ್ಯನ ಹಬ್ಬ ಅಂತಲೇ ಕರೆಯುವುದು. ಆ ಹಬ್ಬದ ದಿನಗಳಲ್ಲಿ ಹುಟ್ಟಿದ ಮಗುವಿಗೆ ಬಾಬಯ್ಯ ಅಂತ ಇಡುತ್ತಿದ್ದರು. ನಮ್ಮ ಊರಿನಲ್ಲಿ ಸಾಬರ ಮನೆ ಒಂದೂ ಇಲ್ಲ, ಆದರೂ ಬಾಬಯ್ಯನ ಗುಡಿ ಇದೆ. ಹಸ್ತದ ಆಕಾರದ ಪಂಜಾ ಇಡುತ್ತೇವೆ, ಕೊಂಡ ಹಾಯುತ್ತೇವೆ, ಹುಲಿವೇಷ ಕುಣಿಯುತ್ತದೆ. ಪೆನುಕೊಂಡಕ್ಕೂ ಇದಕ್ಕೂ ಸಂಬಂಧ ಇಲ್ಲ ಅನ್ನಿಸುತ್ತದೆ.

ಪಾವಗಡ ಮೇಷ್ಟ್ರು:
ತಿಪಟೂರಿನವರೇ, ನಿಮ್ಮ ಕಡೆಗೆ ಅದು ಸರಿ. ಆದರೆ ಪಾವಗಡ, ಮಧುಗಿರಿ, ಗೌರಿಬಿದನೂರು ಕಡೆ ಬಾಬಯ್ಯ ಅಂದರೆ ಎರಡು. ಹಬ್ಬದ ಬಾಬಯ್ಯ ಬೇರೆ, ಪೆನುಕೊಂಡ ಬಾಬಯ್ಯ ಬೇರೆ. ಹಬ್ಬದ್ದು ಕರ್ಬಲಾ ಯುದ್ಧದ ನೆನಪು, ಕ್ರಿ.ಶ. 680ರಲ್ಲಿ ಇಮಾಂ ಹುಸೇನರು ತೀರಿಕೊಂಡದ್ದು. ಪೆನುಕೊಂಡದವರು ಬಾಬಾ ಫಖ್ರುದ್ದೀನ್ ಅನ್ನುವ ಸೂಫಿ. ಜನರ ಬಾಯಲ್ಲಿ ಬಾಬಾಗೆ ಒಂದು ಅಯ್ಯ ಸೇರಿ ಬಾಬಯ್ಯ ಆಯಿತು. ಮಾದಯ್ಯ, ಮಂಟೇಸ್ವಾಮಿ ಅಂದ ಹಾಗೆ ಇಲ್ಲೂ ಒಬ್ಬ ಬಾಬಯ್ಯಸ್ವಾಮಿ.

ಅವರ ಕಥೆಯನ್ನು ನಮ್ಮ ಅವ್ವ ಹೇಳುತ್ತಿದ್ದರು. ಅವರು ದೂರದೇಶದ ಒಬ್ಬ ರಾಜ. ಗದ್ದುಗೆ ಬಿಟ್ಟು ಗುರುವನ್ನು ಹುಡುಕಿಕೊಂಡು ಹೊರಟರು. ತಿರುಚಿನಾಪಳ್ಳಿಯ ನತ್ತರ್ ವಲಿ ಗುರುವಾಗಿ ಸಿಕ್ಕರು. ಗುರು ಒಂದು ಹಲ್ಲುಜ್ಜುವ ಕಡ್ಡಿ ಕೊಟ್ಟು, "ಹೋಗುವ ದಾರಿಯಲ್ಲಿ ಎಲ್ಲೆಲ್ಲಿ ರಾತ್ರಿ ತಂಗುತ್ತೀಯೋ ಅಲ್ಲೆಲ್ಲ ಇದನ್ನು ನೆಲಕ್ಕೆ ನೆಡು. ಎಲ್ಲಿ ಚಿಗುರುತ್ತದೋ ಅದೇ ನಿನ್ನ ಊರು" ಅಂದರಂತೆ. ಎಲ್ಲೆಲ್ಲೋ ನೆಟ್ಟರು, ಚಿಗುರಲಿಲ್ಲ. ಪೆನುಕೊಂಡದ ಬೆಟ್ಟದ ಬುಡದಲ್ಲಿ ಬೆಳಗ್ಗೆ ಎದ್ದು ನೋಡಿದರೆ ಕಡ್ಡಿ ಎಲೆ ಬಿಟ್ಟಿತ್ತು. ಅಲ್ಲೇ ನಿಂತರು. 13ನೇ ಶತಮಾನದ ಮಾತು ಅಂತ ನಂಬಿಕೆ.

ಅವ್ವ ಈ ಕಥೆ ಹೇಳುವಾಗ ಕೈಯಲ್ಲಿ ನಿಜವಾಗಿಯೂ ಒಂದು ಬೇವಿನ ಕಡ್ಡಿ ಇರುತ್ತಿತ್ತು, ಬೆಳಗಿನ ಹೊತ್ತು ತಾನೇ. ಕಥೆ ಮುಗಿದ ಮೇಲೆ ನಾವು ಮಕ್ಕಳೆಲ್ಲ ನಮ್ಮ ಕಡ್ಡಿಗಳನ್ನು ಹಿತ್ತಲಿನಲ್ಲಿ ನೆಟ್ಟು ಬರುತ್ತಿದ್ದೆವು.

ನೇರ ಮಾತು:
ಕಥೆ ಚೆನ್ನಾಗಿದೆ ಮೇಷ್ಟ್ರೇ. ಆದರೆ ಸತ್ಯ ಹೇಳಿ. ಇದೆಲ್ಲ ಔರಂಗಜೇಬನ ಕಾಲದಲ್ಲಿ ಜನರನ್ನು ಹೆದರಿಸಿ ಮಾಡಿಸಿದ್ದಲ್ವಾ? ದೊಡ್ಡಪ್ಪ ಹೇಳಿದ್ದರಲ್ಲಿ ತಪ್ಪೇನಿದೆ? ಮನೆದೇವರು ಇದ್ದಾಗ ಇನ್ನೊಂದು ಯಾಕೆ?

ಪಾವಗಡ ಮೇಷ್ಟ್ರು:
ಕಾಲದ ಲೆಕ್ಕ ನೋಡಿ ಸ್ವಾಮಿ. ಮೊಗಲರು ಈ ಕಡೆ ಬಂದು ಶಿರಾ ಸುಬಾ, ಅಂದರೆ ಪ್ರಾಂತ್ಯ, ಮಾಡಿದ್ದು 1687ರಲ್ಲಿ. ಅದರಲ್ಲಿ ಏಳು ಪರಗಣ: ಬಸವಾಪಟ್ಟಣ, ಬೂದಿಹಾಳ, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ. ಪೆನುಕೊಂಡ ನಮ್ಮ ಶಿರಾದ ಕೈಕೆಳಗೆ ಬಂದದ್ದೇ ಆಗ. ಅದಕ್ಕೂ ಎಷ್ಟೋ ಮೊದಲು ಅಲ್ಲಿದ್ದವರು ಯಾರು? ವಿಜಯನಗರದವರು. ಶಾಸನಗಳಲ್ಲಿ ಘನಗಿರಿ ಅಂತ ಬರುವುದು ಇದೇ ಊರು. ಪೆನು ಕೊಂಡ, ದೊಡ್ಡ ಬೆಟ್ಟ. 1565ರಲ್ಲಿ ತಾಳಿಕೋಟೆ ಯುದ್ಧ ಸೋತು ಹಂಪೆ ಹಾಳಾದ ಮೇಲೆ ತಿರುಮಲರಾಯ ರಾಜಧಾನಿ ಮಾಡಿಕೊಂಡದ್ದು ಪೆನುಕೊಂಡವನ್ನೇ. ಸುಲ್ತಾನರ ಕೈಯಲ್ಲಿ ಸೋತು ಬಂದ ರಾಜ, ಬಾಬಯ್ಯನ ಗೋರಿ ಇರುವ ಊರಿನಲ್ಲೇ ಕುಳಿತು ರಾಜ್ಯ ಆಳಿದ.

ಇನ್ನೂ ಹಿಂದೆ ಹೋಗಿ. ಎರಡನೇ ದೇವರಾಯನ ಸೈನ್ಯದಲ್ಲಿ ಮುಸ್ಲಿಂ ಬಿಲ್ಲುಗಾರರಿದ್ದರು. ಹಂಪೆಯಲ್ಲಿ ಅಹಮದ್ ಖಾನ್ ಅನ್ನುವ ಅಧಿಕಾರಿ 1439ರಲ್ಲಿ ಕಟ್ಟಿಸಿದ ಮಸೀದಿ ಇವತ್ತಿಗೂ ನಿಂತಿದೆ. ಹೆದರಿಸಿ ಮಾಡಿಸಿದ್ದಾದರೆ ವಿಜಯನಗರದವರನ್ನು ಹೆದರಿಸಿದವರು ಯಾರು?

ನೇರ ಮಾತು:
ಕಾಲದ ಲೆಕ್ಕ ಒಪ್ಪಿದೆ. ಮೊಗಲರ ಮಾತು ವಾಪಸ್ ತಗೋತೀನಿ. ಆದರೂ ಒಂದು ಮಾತು. ಈಗಿನ ಕಾಲದಲ್ಲಿ ಊರಿನಲ್ಲಿ ಮಗಳ ಮದುವೆ ಮಾಡುವ ತಂದೆಗೆ ಅವನದೇ ಕಷ್ಟ ಇರುತ್ತದೆ. ಬೀಗರು ಏನನ್ನುತ್ತಾರೋ ಅಂತ ಹೆಸರು ಬದಲಾಯಿಸಿರಬಹುದು. ಅವರನ್ನು ಇಲ್ಲಿ ಎಲ್ಲರೂ ಸೇರಿ ಬೈಯುವುದು ಬೇಡ.

ಕೊಡಿಗೇನಹಳ್ಳಿ ಮೊಮ್ಮಗ:
ಬೈಯುತ್ತಿಲ್ಲ. ನಾನು ಬೆಳೆದದ್ದೇ ದೊಡ್ಡಪ್ಪನ ಹೆಗಲ ಮೇಲೆ. ಅದಕ್ಕೇ ಜಾಸ್ತಿ ನೋವಾಯಿತು.

ಶಿರಾದವಳು:
ಈ ಚರ್ಚೆ ಬೆಳಗ್ಗೆಯಿಂದ ಓದುತ್ತಿದ್ದೇನೆ. ನಾನು ಶಿರಾದ ಮುಸ್ಲಿಂ ಮನೆಯ ಹೆಣ್ಣುಮಗಳು. "ಸಾಬರ ದೇವರು" ಅನ್ನುವ ಮಾತಿಗೆ ಒಂದು ತಿದ್ದುಪಡಿ, ಬೇಜಾರಿಲ್ಲದೆ ಹೇಳುತ್ತೇನೆ. ಬಾಬಯ್ಯ ನಮಗೂ ದೇವರಲ್ಲ. ದೇವರಿಗೆ ಹತ್ತಿರವಾದವರು, ವಲಿ. ಅವರ ಹೆಸರಿನಲ್ಲಿ ದೇವರನ್ನು ಕೇಳಿಕೊಳ್ಳುತ್ತೇವೆ.

ಮುಡಿಪಿನ ಬಗ್ಗೆ: ಗಂಟನ್ನು ಇದ್ದ ಹಾಗೇ ಕಟ್ಟಿ. ಬಟ್ಟೆ ಒಗೆಯಬೇಡಿ. ಹೊಸದಾಗಿ ಕಾಲು ಕೆ.ಜಿ. ಸಕ್ಕರೆ, ಊದುಬತ್ತಿ, ಒಂದು ಮೊಳ ಮಲ್ಲಿಗೆ ತಗೊಳ್ಳಿ. ದರ್ಗಾ ನೋಡಿಕೊಳ್ಳುವ ಮುಜಾವರ್ ಅಲ್ಲಿರುತ್ತಾರೆ. ಅಜ್ಜಿಯ ಹೆಸರು ಹೇಳಿ, "ಸಕ್ಕರೆ ಓದಿಸಬೇಕು" ಅಂದರೆ ಸಾಕು. ಅವರು ಫಾತಿಹಾ ಪ್ರಾರ್ಥನೆ ಓದಿ ಸಕ್ಕರೆ ವಾಪಸ್ ಕೊಡುತ್ತಾರೆ. ಅದನ್ನು ಅಲ್ಲಿದ್ದವರಿಗೆ ಹಂಚಿ, ಸ್ವಲ್ಪ ಮನೆಗೆ ತನ್ನಿ. ನಾಣ್ಯ ಹುಂಡಿಗೆ. ಬಾಗಿಲಲ್ಲಿ ಗೋರಿಗೆ ಹೊದಿಸುವ ದೊಡ್ಡ ಚಾದರ ತಗೊಳ್ಳಿ ಅಂತ ಯಾರಾದರೂ ಒತ್ತಾಯ ಮಾಡಿದರೆ ಬೇಕಿಲ್ಲ. ನಿಮ್ಮ ಅಜ್ಜಿ ಹರಕೆ ಹೊತ್ತದ್ದು ಹನ್ನೊಂದು ನಾಣ್ಯಕ್ಕೆ, ಸಾವಿರದ ಚಾದರಕ್ಕಲ್ಲ.

ಅಮ್ಮನನ್ನು ಕರೆದುಕೊಂಡು ಹೋಗುವುದಾದರೆ ಮೊದಲೇ ಹೇಳಿಬಿಡಿ, ಕೆಲವು ದರ್ಗಾಗಳಲ್ಲಿ ಹೆಂಗಸರು ಗೋರಿಯ ಹತ್ತಿರ ಹೋಗುವಂತಿಲ್ಲ, ಹೊಸ್ತಿಲಿನ ಹತ್ತಿರ ನಿಲ್ಲಬೇಕು. ಗೊತ್ತಿಲ್ಲದೆ ಹೋದರೆ ಅಲ್ಲಿ ಮನಸ್ಸಿಗೆ ನೋವಾಗುತ್ತದೆ. ನನಗೂ ಆಗಿದೆ.

ಮೊಹಲ್ಲಾ ಹುಡುಗ:
ಅಕ್ಕ, ನಾನು ನಿಮ್ಮ ಮಾತು ಪೂರ್ತಿ ಒಪ್ಪಲ್ಲ. ನಮ್ಮಲ್ಲೇ ಎಷ್ಟೋ ಜನ ಗೋರಿಯ ಹತ್ತಿರ ಹರಕೆ ಕಟ್ಟುವುದು ಸರಿಯಲ್ಲ ಅನ್ನುತ್ತಾರೆ. ಬೇಡುವುದಿದ್ದರೆ ನೇರ ಅಲ್ಲಾಹನನ್ನೇ ಬೇಡಬೇಕು.

ಶಿರಾದವಳು:
ಗೊತ್ತು ತಮ್ಮ. ನಮ್ಮ ಮನೆಯಲ್ಲೇ ಈ ವಾದ ಇದೆ. ನನ್ನ ಅಣ್ಣ ದರ್ಗಾಕ್ಕೆ ಬರಲ್ಲ, ಅಬ್ಬಾ ಬಿಡಲ್ಲ. ಇಬ್ಬರೂ ಒಂದೇ ತಟ್ಟೆಯಲ್ಲಿ ಊಟ ಮಾಡುತ್ತಾರೆ. ಆದರೆ ಇಲ್ಲಿ ಕೇಳಿರುವುದು ಸತ್ತವರ ಒಂದು ಮಾತು ಉಳಿಸುವುದು ಹೇಗೆ ಅಂತ. ಅದಕ್ಕೆ ಉತ್ತರ ಕೊಟ್ಟೆ.

ಮೊಹಲ್ಲಾ ಹುಡುಗ:
ಅದು ಸರಿ. ಮಾತು ಉಳಿಸಬೇಕು. ಅದರಲ್ಲಿ ನನ್ನ ತಕರಾರಿಲ್ಲ.

ನದಾಫ್ ಮನೆಯವನು:
ಪೆನುಕೊಂಡದ ಮಾತು ಬಂದು ಪಿಂಜಾರರ ಹೆಸರು ಬರದೆ ಇದ್ದರೆ ಹೇಗೆ? ನಾವು ಹತ್ತಿ ಹಿಂಜಿ ಹಾಸಿಗೆ ಹೊಲಿಯುತ್ತಿದ್ದ ಜನ. ಆಂಧ್ರದಲ್ಲಿ ದೂದೇಕುಲ ಅನ್ನುತ್ತಾರೆ, ಇಲ್ಲಿ ಪಿಂಜಾರ, ನದಾಫ್. ನಮಗೆ ಪೆನುಕೊಂಡ ಬಾಬಯ್ಯನೇ ದೊಡ್ಡ ಗುರು. ಮನೆಯಲ್ಲಿ ಮಾತಾಡುವುದು ಕನ್ನಡ ಅಥವಾ ತೆಲುಗು. ಹೆಸರು ಹುಸೇನಪ್ಪ, ಮಸ್ತಾನಪ್ಪ, ಫಕೀರಮ್ಮ. ಕರ್ನಾಟಕದಲ್ಲಿ ಹಿಂದುಳಿದ ವರ್ಗದ ಪ್ರವರ್ಗ 1ರಲ್ಲಿದ್ದೇವೆ.

ನಮ್ಮ ತಾತ ಹೆಗಲ ಮೇಲೆ ಬಿಲ್ಲು ಹೊತ್ತು ಊರೂರು ತಿರುಗುತ್ತಿದ್ದರು. ಬಿಲ್ಲಿನ ನರಕ್ಕೆ ಮರದ ಗುಂಡು ಹೊಡೆದರೆ ಟೊಂಯ್ ಟೊಂಯ್ ಅನ್ನುವ ಸದ್ದು. ಆ ಸದ್ದು ಕೇಳಿದರೆ ಹೆಂಗಸರು ಹಳೇ ದಿಂಬು ತಂದು ಹಾಕುತ್ತಿದ್ದರು. ಕೆಲಸಕ್ಕೆ ಕೂರುವ ಮೊದಲು ತಾತ ಬಿಲ್ಲಿಗೆ ಕೈ ಮುಗಿದು "ಬಾಬಯ್ಯ" ಅನ್ನುತ್ತಿದ್ದರು, ಆಮೇಲೇ ಮೊದಲ ಪೆಟ್ಟು. ಈಗ ಎಲ್ಲ ಫೋಮ್ ಹಾಸಿಗೆ. ಬಿಲ್ಲು ಅಟ್ಟದ ಮೇಲಿದೆ.

ನಿಮ್ಮ ಅಜ್ಜನ ಊರಿಗೂ ಯಾರಾದರೂ ಪಿಂಜಾರರು ಬಂದಿರುತ್ತಾರೆ. ಊರೂರಿಗೆ ಬಾಬಯ್ಯನ ಹೆಸರು ಹೊತ್ತು ತಂದವರು ನಾವೇ ಅಂತ ನನ್ನ ನಂಬಿಕೆ.

ಕೋಲಾರಿಗ:
ಸೂಫಿ ಊರು ಅಂದರೆ ಪೆನುಕೊಂಡ ಒಂದೇ ಅಲ್ಲ, ನಮ್ಮ ಕೋಲಾರವನ್ನೂ ಮರೀಬೇಡಿ. ಹೈದರಾಲಿ ಹುಟ್ಟಿದ್ದು ಬೂದಿಕೋಟೆಯಲ್ಲಿ. ಅವರ ಮನೆತನ ಮೊದಲು ಗುಲ್ಬರ್ಗಾ ಸೀಮೆಯ ಆಳಂದದಲ್ಲಿತ್ತು. ಅದು 1422ರಲ್ಲಿ ತೀರಿಕೊಂಡ ಬಂದೇ ನವಾಜರ ದರ್ಗಾ ಇರುವ ಸೀಮೆ. ಅಲ್ಲಿಂದ ಶಿರಾ, ಶಿರಾದಿಂದ ಕೋಲಾರ. ತಂದೆ ಫತೇ ಮಹಮ್ಮದ್ ಅವರ ಗೋರಿ ಕೋಲಾರದಲ್ಲಿದೆ, ಮಖಬರ ಅನ್ನುತ್ತೇವೆ. 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಹತ್ತಿರ ಹೈದರಾಲಿ ದಂಡಿನಲ್ಲಿ ಇದ್ದಾಗಲೇ ಸತ್ತರು. ಸೈನ್ಯ ಕದಲಬಾರದು ಅಂತ ಸುದ್ದಿ ಮುಚ್ಚಿಟ್ಟು, ಹೆಣವನ್ನು ಗುಟ್ಟಾಗಿ ಕೋಲಾರಕ್ಕೆ ತಂದು ತಂದೆಯ ಪಕ್ಕ ಇಟ್ಟರು. ಶ್ರೀರಂಗಪಟ್ಟಣಕ್ಕೆ ಹೋದದ್ದು ಆಮೇಲೆ.

ಇನ್ನೊಂದು. ಟಿಪ್ಪು ಅನ್ನುವ ಹೆಸರೂ ಹರಕೆಯಿಂದ ಬಂದದ್ದೇ! ಆರ್ಕಾಟಿನ ಟಿಪ್ಪು ಮಸ್ತಾನ್ ಔಲಿಯಾ ಅನ್ನುವ ಸೂಫಿಯ ಹೆಸರದು.

ನೇರ ಮಾತು:
ಟಿಪ್ಪು ಮಾತು ತಂದರೆ ಈ ಚರ್ಚೆ ನಾಳೆ ಬೆಳಗ್ಗೆಯವರೆಗೂ ಮುಗಿಯಲ್ಲ. ದಯವಿಟ್ಟು ಬೇಡ.

ರಾಗಿಮುದ್ದೆ:
ಹೌದು, ಬೇಡ. ಅಜ್ಜಿಯ ಗಂಟಿಗೆ ವಾಪಸ್ ಬನ್ನಿ.

ಕೋಲಾರಿಗ:
ಸರಿ. ನಾನು ಹೇಳಿದ್ದು ಹೆಸರಿನ ಬಗ್ಗೆ ಮಾತ್ರ. ಹರಕೆ ಹೊತ್ತ ಕಡೆಯ ಹೆಸರು ಇಡುವುದು ಅರಮನೆಗೂ ಒಂದೇ, ಗುಡಿಸಲಿಗೂ ಒಂದೇ.

ಚಿಂತಾಮಣಿ ಹುಡುಗಿ:
ನಮ್ಮ ತಾಲ್ಲೂಕಿನ ಮುರುಗಮಲ್ಲಕ್ಕೆ ಹೋಗಿದ್ದೀರಾ ಯಾರಾದರೂ? ಅಮ್ಮಾಜಾನ್ ಬಾವಾಜಾನ್ ದರ್ಗಾ. ಗುರುವಾರ, ಶುಕ್ರವಾರ ಎಲ್ಲ ಜಾತಿಯವರೂ ಬರುತ್ತಾರೆ. ಮೈಮೇಲೆ ಗಾಳಿ ಬಂದಿದೆ ಅಂತ ಹೆಣ್ಣುಮಕ್ಕಳನ್ನು ಜಾಸ್ತಿ ಕರೆದುಕೊಂಡು ಬರುತ್ತಾರೆ.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ದರ್ಗಾ ಅಂದ ತಕ್ಷಣ ಎಲ್ಲವೂ ಒಳ್ಳೆಯದು ಅನ್ನುವ ಹಾಗೆ ಮಾತು ಹೋಗುತ್ತಿದೆ. ನನ್ನ ಚಿಕ್ಕಮ್ಮನಿಗೆ ಹೆರಿಗೆ ಆದ ಮೇಲೆ ಮನಸ್ಸು ಕೆಟ್ಟಿತು. ಮಗುವನ್ನು ಎತ್ತಿಕೊಳ್ಳುತ್ತಿರಲಿಲ್ಲ, ಗೋಡೆ ನೋಡಿಕೊಂಡು ಕೂರುತ್ತಿದ್ದರು. ಮನೆಯವರು ಒಂದು ವರ್ಷ ಗುಡಿ, ದರ್ಗಾ, ಮಂತ್ರವಾದಿ ಅಂತ ಸುತ್ತಿದರು. ಕೊನೆಗೆ ಒಂದು ದರ್ಗಾದ ಹೊರಗೆ ಅಂಗಡಿ ಇಟ್ಟಿದ್ದ ಅಜ್ಜಿಯೊಬ್ಬರು, "ಇದು ಗಾಳಿಯಲ್ಲ ಮಗಳೇ, ಡಾಕ್ಟರ್ ಹತ್ತಿರ ಹೋಗು, ಬಾವಾ ಬೇಡ ಅನ್ನಲ್ಲ" ಅಂದರು. ಮಾತ್ರೆ ಶುರುವಾಗಿ ಎರಡು ತಿಂಗಳಿಗೆ ಚಿಕ್ಕಮ್ಮ ಮಗುವಿಗೆ ಜಡೆ ಹಾಕುತ್ತಿದ್ದರು. ಆ ಒಂದು ವರ್ಷ ಮಾತ್ರ ವಾಪಸ್ ಬರಲಿಲ್ಲ.

ತಮಿಳುನಾಡಿನ ಏರ್ವಾಡಿ ದರ್ಗಾ ಊರಿನಲ್ಲಿ 2001ರ ಆಗಸ್ಟ್ 6ರಂದು ಏನಾಯಿತು ನೆನಪಿದೆಯಾ? ಮಾನಸಿಕ ರೋಗಿಗಳನ್ನು ಸರಪಳಿಯಲ್ಲಿ ಕಟ್ಟಿ ಹಾಕಿದ್ದ ಚಪ್ಪರಕ್ಕೆ ಬೆಂಕಿ ಬಿದ್ದು 28 ಜನ ಸತ್ತರು. ಓಡಲು ಆಗಲಿಲ್ಲ. ಈಗ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಸರಪಳಿ ಹಾಕುವಂತೆಯೇ ಇಲ್ಲ. ಹರಕೆ ತೀರಿಸಿ, ಸಕ್ಕರೆ ಓದಿಸಿ. ಆದರೆ ಕಾಯಿಲೆಗೆ ಮಾತ್ರೆ ಕೊಡಿಸಿ. ಯಾರಿಗಾದರೂ ಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಶಿರಾದವಳು:
ನೂರಕ್ಕೆ ನೂರು ನಿಜ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ಡಾಕ್ಟರುಗಳು ದರ್ಗಾದ ಒಳಗೇ ಕೂರುತ್ತಾರೆ. ದವಾ ಮತ್ತು ದುವಾ, ಅಂದರೆ ಔಷಧಿ ಮತ್ತು ಪ್ರಾರ್ಥನೆ, ಅಂತ ಹೆಸರು. ಮುಜಾವರರೇ ರೋಗಿಯನ್ನು ಡಾಕ್ಟರ್ ಹತ್ತಿರ ಕಳಿಸುತ್ತಾರೆ. ನಮ್ಮ ಕಡೆಯೂ ಹೀಗೆ ಆಗಬೇಕು.

ತಿಪಟೂರು ಕೊಬ್ಬರಿ:
ಚಿಂತಾಮಣಿಯವರ ಮಾತು ಓದಿ ಸುಮ್ನೆ ಕೂತುಬಿಟ್ಟೆ. ಒಳ್ಳೆಯ ಕೆಲಸ ಮಾಡಿದಿರಿ ಬರೆದು.

ಹಳೇ ಕಾಸು:
ಸ್ವಲ್ಪ ಬೇರೆ ವಿಷಯ. ನಾಣ್ಯ ಕೂಡಿಡುವುದು ನನ್ನ ಹವ್ಯಾಸ. ಕಮಲದ ಹೂವಿನ ಇಪ್ಪತ್ತು ಪೈಸೆ ಅಂದಿರಲ್ಲ, ಅದನ್ನು ಟಂಕಿಸಿದ್ದು 1968ರಿಂದ 1971ರವರೆಗೆ ಮಾತ್ರ. ನಾಣ್ಯದ ಮೇಲೆ ಇಸವಿ ಇರುತ್ತದೆ, ನೋಡಿ ಹೇಳಿ. ಹರಕೆ ಯಾವಾಗ ಹೊತ್ತದ್ದು ಅಂತ ಸುಳಿವು ಸಿಗಬಹುದು.

ಕೊಡಿಗೇನಹಳ್ಳಿ ಮೊಮ್ಮಗ:
ಹುಣಸೆಹಣ್ಣು ಹಚ್ಚಿ ಒಂದನ್ನು ಉಜ್ಜಿದೆ. ಮಿಕ್ಕವನ್ನು ಹಾಗೇ ಬಿಟ್ಟೆ. 1970. ಮಿಕ್ಕವು ಬೆಳಕಿಗೆ ಹಿಡಿದು ನೋಡಿದೆ, ನಾಲ್ಕು 1969, ಆರು 1970. 71ರದ್ದು ಒಂದೂ ಇಲ್ಲ.

ಹಳೇ ಕಾಸು:
ಹಾಗಾದರೆ 1970 ಅಥವಾ 71ರ ಶುರುವಿನಲ್ಲಿ ಕಟ್ಟಿದ್ದಿರಬೇಕು. ಆ ವರ್ಷ ಮನೆಯಲ್ಲಿ ಏನಾಗಿತ್ತು?

ಪಾವಗಡ ಮೇಷ್ಟ್ರು:
ಅಷ್ಟು ಖಂಡಿತವಾಗಿ ಹೇಳಲು ಆಗಲ್ಲ. ಹಳ್ಳಿಯಲ್ಲಿ ಹಳೇ ನಾಣ್ಯವನ್ನು ವರ್ಷಗಟ್ಟಲೆ ಡಬ್ಬಿಯಲ್ಲಿ ಇಟ್ಟುಕೊಂಡಿರುತ್ತಾರೆ. ಮನೆಯ ಹಿರಿಯರನ್ನು ಕೇಳುವುದೇ ಸರಿ.

ಕೊಡಿಗೇನಹಳ್ಳಿ ಮೊಮ್ಮಗ:
ಎರಡು ದಿನ ಬರೆಯಲು ಆಗಲಿಲ್ಲ, ಕ್ಷಮಿಸಿ. ಅಮ್ಮನಿಗೆ ಪೂರ್ತಿ ಗೊತ್ತಿರಲಿಲ್ಲ. ಅಜ್ಜಿಯ ತಂಗಿ ಮಿಡಿಗೇಶಿಯಲ್ಲಿದ್ದಾರೆ, ಎಂಬತ್ತು ದಾಟಿದೆ. ನಿನ್ನೆ ಹೋಗಿ ಗಂಟು ತೋರಿಸಿದೆ. ಅವರು ನವಿಲುಗರಿಯ ಕಡ್ಡಿಯನ್ನು ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿದರು. "ಲೋಬಾನದ ವಾಸನೆ ಇನ್ನೂ ಐತೆ" ಅಂದರು. ನನಗೆ ಬರೀ ಹೊಗೆಯ ವಾಸನೆ ಬಂತು.

ಅವರು ಹೇಳಿದ್ದು ಇಷ್ಟು. ಅಜ್ಜನ ತಾಯಿಗೆ ಮಕ್ಕಳು ನಿಲ್ಲುತ್ತಿರಲಿಲ್ಲ. ಪೆನುಕೊಂಡಕ್ಕೆ ಹರಕೆ ಹೊತ್ತ ಮೇಲೆ ಹುಟ್ಟಿದ್ದು ಅಜ್ಜ, ಅದಕ್ಕೇ ಬಾಬಯ್ಯ. ಮುಂದೆ ನಮ್ಮ ಅಜ್ಜಿಗೂ ಹಾಗೇ ಆಯಿತು. ಮೊದಲ ಎರಡು ಮಕ್ಕಳು ಹೋದವು. ಮೂರನೇ ಸಲ ಬಸುರಿಯಾದಾಗ ಅತ್ತೆ ಸೊಸೆ ಇಬ್ಬರೂ ಪೆನುಕೊಂಡಕ್ಕೆ ಹೋದರು. ಮುಜಾವರ್ ನವಿಲುಗರಿಯಿಂದ ತಲೆ ಸವರಿ, ಒಂದು ಗರಿ ಕಿತ್ತು ಕೈಗೆ ಕೊಟ್ಟರಂತೆ. "ಮಗು ನಡೆಯುವ ಹಾಗಾದರೆ ಕರೆದುಕೊಂಡು ಬಂದು ಸಕ್ಕರೆ ಓದಿಸುತ್ತೇನೆ" ಅಂತ ಅಜ್ಜಿ ಹೇಳಿ ಬಂದರು. ಮಗು ಉಳಿಯಿತು. ಆಮೇಲೆ ಬರ, ಅಜ್ಜನ ಕಾಲು ಮುರಿದದ್ದು, ಮತ್ತೆರಡು ಮಕ್ಕಳು. ಹೋಗಲು ಆಗಲೇ ಇಲ್ಲ. ಪ್ರತಿ ವರ್ಷ ಯುಗಾದಿಗೆ ಗಂಟು ತೆಗೆದು, ಧೂಪ ಹಾಕಿ, ಮತ್ತೆ ಗೂಡಿಗೆ ಇಡುತ್ತಿದ್ದರಂತೆ.

ಆ ಮೂರನೇ ಮಗು ನಮ್ಮ ದೊಡ್ಡಪ್ಪ. 1970ರಲ್ಲಿ ಹುಟ್ಟಿದವರು.

ರಾಗಿಮುದ್ದೆ:
ಅಯ್ಯೋ.

ನದಾಫ್ ಮನೆಯವನು:
ದೊಡ್ಡಪ್ಪನಿಗೆ ಹೇಳಿದಿರಾ?

ನೇರ ಮಾತು:
ಹೇಳಲೇಬೇಕು. ಆದರೆ ಜನರ ಮುಂದೆ ಹೇಳಬೇಡಿ. ಒಬ್ಬರೇ ಇದ್ದಾಗ ಹೇಳಿ. ವಾದ ಮಾಡಬೇಡಿ, ಅಜ್ಜಿಯ ತಂಗಿ ಹೇಳಿದ್ದನ್ನು ಹಾಗೇ ಒಪ್ಪಿಸಿ ಬಂದುಬಿಡಿ.

ಕೊಡಿಗೇನಹಳ್ಳಿ ಮೊಮ್ಮಗ:
ಹಾಗೇ ಮಾಡಿದೆ. ಹೊಲದಲ್ಲಿ ಶೇಂಗಾ ಕೀಳಿಸುತ್ತಿದ್ದರು. ಬದುವಿನ ಮೇಲೆ ಕೂರಿಸಿ ಹೇಳಿದೆ. ಅವರು ಒಂದು ಗಿಡ ಕೈಗೆ ತಗೊಂಡು ಕಾಯಿ ಬಿಡಿಸುತ್ತಾ ಕೂತರು. ಪೂರ್ತಿ ಬಿಡಿಸಿ ಮುಗಿದ ಮೇಲೆ, "ನಮ್ಮವ್ವ ನನಗೆ ಒಂದು ಮಾತೂ ಹೇಳಲಿಲ್ಲವಲ್ಲೋ" ಅಂದರು. ಅಷ್ಟೇ. ಬರುತ್ತೇನೆ ಅಂತಲೂ ಇಲ್ಲ, ಬರಲ್ಲ ಅಂತಲೂ ಇಲ್ಲ.

ನಾನೂ ಅಮ್ಮನೂ ಗುರುವಾರ ಹೊರಡುತ್ತೇವೆ. ಹೇಗೆ ಹೋಗುವುದು ಸುಲಭ?

ಗೌರಿಬಿದನೂರು ಪ್ಯಾಸೆಂಜರ್:
ನೀವು ಕೊಡಿಗೇನಹಳ್ಳಿಯವರಾದರೆ ಹಿಂದೂಪುರ ಹತ್ತಿರ. ಅಲ್ಲಿಂದ ಪೆನುಕೊಂಡಕ್ಕೆ ಬಸ್ಸಿದೆ. ರೈಲೂ ಇದೆ, ದೊಡ್ಡಬಳ್ಳಾಪುರ, ಗೌರಿಬಿದನೂರು, ಹಿಂದೂಪುರ ದಾಟಿದರೆ ಪೆನುಕೊಂಡ. ಚಿಕ್ಕಬಳ್ಳಾಪುರದ ಕಡೆಯವರು ಬಾಗೇಪಲ್ಲಿ ಮೇಲೆ ಹೈವೇ 44ರಲ್ಲಿ ನೇರ ಹೋಗಬಹುದು, ಕಿಯಾ ಕಾರಿನ ಕಾರ್ಖಾನೆ ಇರುವುದು ಅದೇ ರಸ್ತೆಯಲ್ಲಿ. ಮ್ಯಾಪಿನಲ್ಲಿ ಅನಂತಪುರ ಜಿಲ್ಲೆ ಅಂತ ಹುಡುಕಬೇಡಿ, 2022ರಿಂದ ಅದು ಶ್ರೀ ಸತ್ಯಸಾಯಿ ಜಿಲ್ಲೆ.

ಬೆಳಗ್ಗೆ ಬೇಗ ಹೋದರೆ ಕೋಟೆ, ಗಗನ್ ಮಹಲ್, ಪಾರ್ಶ್ವನಾಥ ಬಸದಿ, ಅಕ್ಕಪಕ್ಕದಲ್ಲೇ ಇರುವ ರಾಮನ ಗುಡಿ, ಶಿವನ ಗುಡಿ ಎಲ್ಲ ನೋಡಬಹುದು. ನಮ್ಮ ಅಪ್ಪ ದರ್ಗಾದ ವಾರ್ಷಿಕ ಹಬ್ಬ ಉರುಸಿಗೆ ಹೋದಾಗೆಲ್ಲ ಬಸದಿಗೂ ಹೋಗಿ ಕೈ ಮುಗಿದೇ ಬರುತ್ತಿದ್ದರು.

ತಿಪಟೂರು ಕೊಬ್ಬರಿ:
ಉರುಸ್ ಯಾವ ತಿಂಗಳು? ನಾನೂ ಒಂದು ಸಲ ನೋಡಬೇಕು.

ಶಿರಾದವಳು:
ಇಂಗ್ಲಿಷ್ ತಿಂಗಳಿಗೆ ಗಂಟು ಹಾಕಬೇಡಿ. ಚಂದ್ರನ ಲೆಕ್ಕದ ವರ್ಷಕ್ಕೆ 354 ದಿನ, ಹಾಗಾಗಿ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಬರುತ್ತದೆ. ನಿಮ್ಮ ಬಾಬಯ್ಯನ ಹಬ್ಬವೂ ಹಾಗೇ ಅಲ್ವಾ, ಒಮ್ಮೆ ಬೇಸಿಗೆಯಲ್ಲಿ, ಒಮ್ಮೆ ಮಳೆಯಲ್ಲಿ? ಹೋಗುವ ವರ್ಷ ವಿಚಾರಿಸಿಕೊಂಡು ಹೋಗಿ.

ಹಳೇ ಕಾಸು:
ಒಂದು ಮಾತು. 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯ 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ. ಹುಂಡಿಗೆ ಹಾಕಿದರೆ ಅವರಿಗೆ ಉಪಯೋಗ ಇಲ್ಲ. ಜೊತೆಗೆ ಸ್ವಲ್ಪ ದುಡ್ಡು ಸೇರಿಸಿ ಹಾಕಿ. ಆದರೆ ನಾಣ್ಯ ಮಾತ್ರ ಯಾರಿಗೂ ಮಾರಬೇಡಿ, ನನಗೂ ಸೇರಿ.

ಕೊಡಿಗೇನಹಳ್ಳಿ ಮೊಮ್ಮಗ:
ಹೋಗಿ ಬಂದೆವು. ನಿನ್ನೆ ರಾತ್ರಿ ಮನೆ ಸೇರಿದಾಗ ಹತ್ತು ಗಂಟೆ.

ಬೆಳಗ್ಗೆ ಐದೂವರೆಗೆ ಬಸ್ ಸ್ಟಾಂಡಿಗೆ ಹೋದರೆ ದೊಡ್ಡಪ್ಪ ಅಲ್ಲಿ ಕೂತಿದ್ದರು. ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು, ಹಣೆಗೆ ನಾಮ ಹಾಕಿದ್ದರು. ಅಮ್ಮ ಏನೂ ಕೇಳಲಿಲ್ಲ, ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಹಿಂದೂಪುರದವರೆಗೂ ಯಾರೂ ಮಾತಾಡಲಿಲ್ಲ. ಅಲ್ಲಿ ದೊಡ್ಡಪ್ಪನೇ ಇಳಿದು ಸಕ್ಕರೆ ತಂದರು. ಕಾಲು ಕೆ.ಜಿ. ಅಂದಿದ್ದೆ, ಐದು ಕೆ.ಜಿ. ತಂದಿದ್ದರು.

ದರ್ಗಾದಲ್ಲಿ ಗುರುವಾರದ ಜನ. ನಮ್ಮ ಹಾಗೇ ಕುಂಕುಮ ಇಟ್ಟವರೇ ಎಷ್ಟೋ ಮಂದಿ ಇದ್ದರು. ಮುಜಾವರ್‌ಗೆ ಗಂಟು ಕೊಟ್ಟು ವಿಷಯ ಹೇಳಿದೆ. ಅವರು ತೆಲುಗಿನಲ್ಲಿ, "ಮಗು ಎಲ್ಲಿ?" ಅಂತ ಕೇಳಿದರು. ಅಜ್ಜಿ ಮಗುವನ್ನು ಕರೆತರುತ್ತೇನೆ ಅಂದಿದ್ದರಲ್ಲ, ಅದಕ್ಕೆ. ನಾನು ದೊಡ್ಡಪ್ಪನ ಕಡೆ ಕೈ ತೋರಿಸಿದೆ. ಅವರು ನಗಲಿಲ್ಲ. "ಬಾ ನಾಯನಾ" ಅಂತ ಕರೆದು, ಬಗ್ಗಿಸಿ, ನವಿಲುಗರಿಯಿಂದ ಆ ನರೆತ ತಲೆಯನ್ನು ಮೂರು ಸಲ ಸವರಿದರು. ಸಕ್ಕರೆ ಓದಿದರು. ನಾಣ್ಯದಲ್ಲಿ ಹತ್ತನ್ನು ತಗೊಂಡು, ನಾನು ಉಜ್ಜಿದ್ದ ಒಂದನ್ನು ವಾಪಸ್ ಕೊಟ್ಟರು, ಮನೆಯಲ್ಲಿ ಇಟ್ಟುಕೊಳ್ಳಿ ಅಂತ.

ಆಮೇಲೆ ದೊಡ್ಡಪ್ಪ ಜೇಬಿನಿಂದ ಒಂದು ಲಗ್ನಪತ್ರಿಕೆ ತೆಗೆದರು. ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ್ದರು, ಮನೆದೇವರ ಮುಂದೆ ಇಡುವ ಹಾಗೆ. ಹೊಸ್ತಿಲಿನ ಮೇಲೆ ಇಟ್ಟರು. ನಾನು ಬಗ್ಗಿ ನೋಡಿದೆ. ಬಾಲಯ್ಯ ಅನ್ನುವಲ್ಲಿ ಲ ಹೊಡೆದು, ಮೇಲೆ ನೀಲಿ ಪೆನ್ನಿನಲ್ಲಿ ಬ ಅಂತ ಬರೆದಿದ್ದರು. ಅವರ ಅಕ್ಷರ ನನಗೆ ಗೊತ್ತು, ಒತ್ತಿ ಬರೆಯುತ್ತಾರೆ, ಹಿಂದಿನ ಪುಟದಲ್ಲೂ ಮೂಡುತ್ತದೆ.

ಶಿರಾದವಳು:
ಓದಿ ಅಬ್ಬಾಗೂ ಕೇಳಿಸಿದೆ. ಇನ್ನೊಂದು ಸಲ ಓದು ಅಂದರು.

ನೇರ ಮಾತು:
ಮಿಕ್ಕ ಪತ್ರಿಕೆಗಳ ಕಥೆ?

ಕೊಡಿಗೇನಹಳ್ಳಿ ಮೊಮ್ಮಗ:
ಐನೂರು ಇವೆ, ನೂರರಷ್ಟು ಹಂಚಿಯೂ ಆಗಿದೆ. ಅದನ್ನು ಏನೂ ಮಾಡಲು ಆಗಲ್ಲ. ಉಳಿದದ್ದಕ್ಕೆ ರಾತ್ರಿ ನಾನು, ಅಮ್ಮ, ಮದುಮಗಳು ಮೂವರೂ ಪೆನ್ನು ಹಿಡಿದು ಕೂತಿದ್ದೆವು. ನೂರ ನಲವತ್ತು ಆಗಿದೆ.

ನದಾಫ್ ಮನೆಯವನು:
ಮದುವೆ ಯಾವತ್ತು? ಅಟ್ಟದ ಮೇಲಿನ ಬಿಲ್ಲು ಇಳಿಸುತ್ತೇನೆ. ಮದುಮಗಳಿಗೆ ಒಂದು ಹತ್ತಿ ಹಾಸಿಗೆ ನನ್ನ ಕಡೆಯಿಂದ.

ರಾಗಿಮುದ್ದೆ:
ಹತ್ತಿ ಯಾವುದು ಹಾಕುತ್ತೀರಿ? ಬೂರುಗದ ಹತ್ತಿಯಾದರೆ ದಿಂಬಿಗೆ ಒಳ್ಳೆಯದು, ಹಾಸಿಗೆಗೆ ಬೇಡ, ಬೇಗ ಕುಸಿಯುತ್ತದೆ.

ನದಾಫ್ ಮನೆಯವನು:
ಅದು ನನಗೆ ಬಿಡಿ ಅಣ್ಣ.